ಸೂಕ್ಷ್ಮದರ್ಶಕದ ಮುಂದೆ ಕುಳಿತ ಚಿತ್ರಕಾರ: ಬಿ. ಜಿ. ಎಲ್. ಸ್ವಾಮಿ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕು ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಮೊದಲಾಗುವ ಎಡೆಯಲ್ಲಿದೆ. ಅಲ್ಲಿಯ ತಂಬೂರಿನಂಥ ಒಂದು ಊರಿನಲ್ಲಿ ಭತ್ತ ಹೂವಾಡುವ ಕಾಲಕ್ಕೆ ಗದ್ದೆಯ ಬದುವಿನ ಮೇಲೆ ನಿಂತ ಒಕ್ಕಲಿಗನಿಗೆ ಕಾಣುವುದು ತೆನೆಯ ಮೇಲೆ ತೂಗಾಡುವ ನಸುಬಿಳಿಯ ಕೇಸರಗಳು ಮಾತ್ರ. ಹೊತ್ತೇರಿದ ಮೇಲೆ ಸ್ವಲ್ಪ ಕಾಲ ಬಾಯ್ದೆರೆದು ಮತ್ತೆ ಮುಚ್ಚಿಕೊಳ್ಳುವ ಆ ಹೂವಿನೊಳಗೆ ನಡೆಯುವ ವ್ಯವಹಾರವನ್ನು ಬರಿಗಣ್ಣು ಅರಿಯದು. ಪರಾಗದ ಒಂದು ಕಣ ಶಲಾಕೆಯ ತುದಿಗೆ ಅಂಟಿ, ನೂಲಿಗಿಂತ ತೆಳುವಾದ ನಾಳವೊಂದನ್ನು ಒಳಗೆ ಇಳಿಸುತ್ತದೆ. ಅದರ ಮೂಲಕ ಎರಡು ಪುರುಷಾಣುಗಳು ಅಂಡಕದ ಒಳಕೋಣೆಯನ್ನು ಸೇರುತ್ತವೆ. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ನಡುವಿನ ಕೋಶಕೇಂದ್ರಗಳೊಡನೆ ಕೂಡಿ ಆ ಭ್ರೂಣಕ್ಕೆ ಬುತ್ತಿಯಾಗುತ್ತದೆ. ನಾವು ಅನ್ನವೆಂದು ಉಣ್ಣುವುದು ಬಹುಮಟ್ಟಿಗೆ ಆ ಬುತ್ತಿಯನ್ನೇ. ನವಲಗುಂದದ ಎರೆಹೊಲದ ಜೋಳವೂ ಹೀಗೆಯೇ ಕಾಳುಗಟ್ಟುತ್ತದೆ. ರಷ್ಯದ ಸಸ್ಯವಿಜ್ಞಾನಿ ನವಾಶಿನ್ ಈ ಇಮ್ಮಡಿ ಕೂಟವನ್ನು ಕಂಡುಹಿಡಿದದ್ದು 1898ರಲ್ಲಿ.

ಮನುಷ್ಯನು ಸಹಸ್ರಾರು ವರ್ಷಗಳಿಂದ ಉಣ್ಣುತ್ತ ಬಂದ ಅನ್ನದ ಹುಟ್ಟು ಅವನಿಗೆ ತಿಳಿದದ್ದು ಇಷ್ಟು ತಡವಾಗಿ. ಈ ಕಾಣದ ಲೋಕದಲ್ಲಿ ತನ್ನ ಬಾಳಿನ ಬಹುಭಾಗವನ್ನು ಕಳೆದು, ಅಲ್ಲಿ ಕಂಡದ್ದನ್ನು ಮೊದಲು ಗೆರೆಯಲ್ಲಿ, ಅನಂತರ ಮಾತಿನಲ್ಲಿ ಮೂಡಿಸಿದ ಒಬ್ಬ ಕಲಾವಿದನು ನಮ್ಮ ಭಾಷೆಗೆ ದೊರೆತದ್ದು ಭಾಗ್ಯವೆಂದೇ ಹೇಳಬೇಕು. ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರನ್ನು ಕನ್ನಡಿಗರು ಹಾಸ್ಯಪ್ರಿಯ ಲೇಖಕರೆಂದು ಬಲ್ಲರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೆಂದೂ ಬಲ್ಲರು. ಈ ಎರಡನ್ನೂ ಕೂಡಿಸಿದ ಕೊಂಡಿ ಅವರ ಚಿತ್ರ ಬರೆಯುವ ಕೈ ಎಂಬುದು ಅಷ್ಟಾಗಿ ಜನರ ಗಮನಕ್ಕೆ ಬಂದಂತಿಲ್ಲ. ಅವರ ಜೀವನವನ್ನು ಆ ಕಡೆಯಿಂದ ನೋಡುವುದು ಉಚಿತವಾದೀತು.

ಸ್ವಾಮಿಯವರು ಹುಟ್ಟಿದ್ದು 1918ರಲ್ಲಿ. ತಂದೆ ಡಿ. ವಿ. ಗುಂಡಪ್ಪನವರು ವಿಶ್ವವಿದ್ಯಾಲಯದ ಪದವಿಯಿಲ್ಲದೆಯೇ ವಿದ್ವಾಂಸರಾದವರು; ಪತ್ರಿಕೋದ್ಯಮದಲ್ಲಿ ಬಾಳನ್ನು ತೇಯ್ದವರು; 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಕನ್ನಡಕ್ಕೆ ಕೊಟ್ಟವರು. ಸಂಸ್ಕೃತ, ಸಂಗೀತ, ರಾಜನೀತಿ, ವೇದಾಂತ ಇವೆಲ್ಲ ನಿತ್ಯದ ಮಾತುಕತೆಯಾಗಿದ್ದ ಮನೆ ಅದು. ಇಂಥ ಮನೆಯ ಮಗನು ಸಾಹಿತ್ಯದ ದಾರಿಯನ್ನೇ ಹಿಡಿದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಆರಿಸಿಕೊಂಡರು. ಅದರಲ್ಲಿಯೂ ಅವರ ಮನಸ್ಸು ನಾಟಿದ್ದು ಭ್ರೂಣಶಾಸ್ತ್ರದಲ್ಲಿ. ಎಂದರೆ ಹೂವಿನೊಳಗೆ ಬೀಜವು ಹುಟ್ಟುವ ಬಗೆಯನ್ನು ಹೆಜ್ಜೆಹೆಜ್ಜೆಯಾಗಿ ಅರಿಯುವ ಶಾಖೆಯಲ್ಲಿ.

ಈ ಶಾಖೆಯ ಕೆಲಸ ಎಂಥದೆಂಬುದನ್ನು ಸ್ವಲ್ಪ ವಿವರಿಸದೆ ಸ್ವಾಮಿಯವರ ಸ್ವಭಾವ ತಿಳಿಯುವಂತಿಲ್ಲ. ಮೊಗ್ಗು, ಹೂ, ಹೀಚುಗಳನ್ನು ಬೇರೆಬೇರೆ ವಯಸ್ಸಿನಲ್ಲಿ ಕೊಯ್ದು ತಂದು, ಜೀವಕೋಶಗಳು ಇದ್ದ ಸ್ಥಿತಿಯಲ್ಲಿಯೇ ನಿಲ್ಲುವಂತೆ ಫಾರ್ಮಲಿನ್, ಅಸಿಟಿಕ್ ಆಮ್ಲ, ಆಲ್ಕೊಹಾಲುಗಳ ಮಿಶ್ರಣದಲ್ಲಿ ಇಡಬೇಕು. ಅನಂತರ ಹಂತಹಂತವಾಗಿ ನೀರಿನ ಅಂಶವನ್ನು ತೆಗೆದು, ಕರಗಿದ ಮೇಣವು ಒಳಗೆಲ್ಲ ಹೊಗುವಂತೆ ಮಾಡಿ, ಮೇಣದ ಇಟ್ಟಿಗೆಯಲ್ಲಿ ಹುದುಗಿಸಬೇಕು. ಆ ಇಟ್ಟಿಗೆಯನ್ನು ಮೈಕ್ರೊಟೋಮ್ ಎಂಬ ಯಂತ್ರದ ಅಲಗಿಗೆ ಒಡ್ಡಿದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾದ ಪದರಗಳು ಒಂದಕ್ಕೊಂದು ಅಂಟಿಕೊಂಡು ನಾಡೆಯಂತೆ ಹೊರಬರುತ್ತವೆ. ಅವನ್ನು ಗಾಜಿನ ಮೇಲೆ ಹಾಸಿ, ಮೇಣ ಕರಗಿಸಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಒಂದು ಅಂಡಕವು ಹೀಗೆ ಹಲವಾರು ಪದರಗಳಾಗಿ ಹರಿದುಹೋಗಿರುತ್ತದೆ. ಹರಿದ ಹಾಳೆಗಳನ್ನು ಕ್ರಮವಾಗಿ ಓದಿ ಇಡಿಯ ಗ್ರಂಥವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಕೆಲಸ ಇದು. ಒಂದು ಹಂತವು ತಪ್ಪಿಹೋದರೆ ಮತ್ತೆ ಆ ಗಿಡ ಹೂಬಿಡುವ ಋತುವಿನವರೆಗೆ ಕಾಯಬೇಕು.

ಕೊನೆಯಲ್ಲಿ ಬರುವುದು ಚಿತ್ರ. ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕದ ಉಪಕರಣವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರೆ, ನೋಡುವವನ ಕಣ್ಣಿಗೆ ಜೀವಕೋಶದ ಬಿಂಬವೂ ಪಕ್ಕದ ಕಾಗದದ ಮೇಲಿನ ಪೆನ್ಸಿಲಿನ ಮೊನೆಯೂ ಒಟ್ಟಿಗೆ ಕಾಣುತ್ತವೆ. ಬಿಂಬದ ಅಂಚನ್ನು ಹಿಡಿದು ಗೆರೆ ಎಳೆಯುವುದು ಸುಲಭವೆಂದು ತೋರಬಹುದು, ಹಾಗಿಲ್ಲ. ಛಾಯಾಚಿತ್ರವು ಒಂದು ಮಟ್ಟದಲ್ಲಿ ಸ್ಫುಟವಾಗಿರುವುದನ್ನು ಮಾತ್ರ ಹಿಡಿಯುತ್ತದೆ. ಅಲಗು ಮಾಡಿದ ಗೀರನ್ನೂ ಕೋಶದ ಭಿತ್ತಿಯನ್ನೂ ಒಂದೇ ನಿಷ್ಠೆಯಿಂದ ತೋರಿಸುತ್ತದೆ. ಚಿತ್ರ ಬರೆಯುವವನು ತಿರುಗುಮೊಳೆಯನ್ನು ಹಿಂದೆ ಮುಂದೆ ತಿರುಗಿಸುತ್ತ, ಮೇಲಿನ ಕೆಳಗಿನ ಮಟ್ಟಗಳನ್ನು ಕೂಡಿಸುತ್ತ, ಇದು ಭಿತ್ತಿ, ಇದು ಬಣ್ಣದ ಕಲೆ, ಇದು ಕೇಂದ್ರ ಎಂದು ತೀರ್ಮಾನಿಸುತ್ತ ಹೋಗಬೇಕು. ಅವನು ಎಳೆಯುವ ಪ್ರತಿಯೊಂದು ಗೆರೆಯೂ ಒಂದು ಸಾಕ್ಷ್ಯ. ಕಾಣದುದನ್ನು ಬರೆದರೆ ಸುಳ್ಳುಸಾಕ್ಷ್ಯವಾಗುತ್ತದೆ. ಕಂಡದ್ದನ್ನು ಬಿಟ್ಟರೂ ಅಷ್ಟೇ.

ಕಲಾವಿದನ ಕೈ ಹೀಗೆ ವಿಜ್ಞಾನದ ಸೇವೆಗೆ ಬಂದ ನಿದರ್ಶನಗಳಲ್ಲಿ ಜಗತ್ತು ಬಲ್ಲದ್ದು ಸ್ಪೇನ್ ದೇಶದ ಸಾಂತಿಯಾಗೊ ರಾಮೋನ್ ಇ ಕಾಹಾಲರದು. 1852ರಲ್ಲಿ ಹುಟ್ಟಿದ ಆತ ಚಿತ್ರಗಾರನಾಗಲು ಹಂಬಲಿಸಿದ ಹುಡುಗ. ವೈದ್ಯನಾಗಿದ್ದ ತಂದೆ ಅವನನ್ನು ಅಂಗರಚನಾಶಾಸ್ತ್ರದ ಕಡೆಗೆ ತಿರುಗಿಸಿದನು. ಇಟಲಿಯ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಬಣ್ಣಗಾರಿಕೆಯನ್ನು ಬಳಸಿ ಕಾಹಾಲ್ ಮಿದುಳಿನ ಪದರಗಳನ್ನು ನೋಡಿ, ನರವ್ಯೂಹವು ಹೆಣೆದ ಬಲೆಯಲ್ಲ, ಬಿಡಿಬಿಡಿ ಕೋಶಗಳ ಸಮುದಾಯವೆಂದು ತನ್ನ ಚಿತ್ರಗಳಿಂದ ತೋರಿಸಿದನು. ಅದೇ ಬಣ್ಣವನ್ನು ಬಳಸಿದ ಗಾಲ್ಜಿಗೆ ಅಲ್ಲಿ ಬಲೆಯೇ ಕಂಡಿತು. 1906ರಲ್ಲಿ ಇಬ್ಬರಿಗೂ ಕೂಡಿಯೇ ನೊಬೆಲ್ ಪಾರಿತೋಷಕ ದೊರೆಯಿತು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಕೋಶಗಳ ನಡುವಣ ತೆರವನ್ನು ತೋರಿಸಿದಾಗ, ಕಾಹಾಲ್ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದುವು. ಅವನ ಗೆರೆಗಳು ನಿಜವಾಗಿದ್ದುವು.

ಕಾಹಾಲನಿಗೆ ಮನುಷ್ಯಶರೀರ ಹೇಗೋ ಸ್ವಾಮಿಯವರಿಗೆ ಸಸ್ಯಶರೀರ ಹಾಗೆ. ಅವರು ಮೊದಲು ಕೈಗೆತ್ತಿಕೊಂಡದ್ದು ಆರ್ಕಿಡುಗಳನ್ನು. ಮಲೆನಾಡಿನ ಮರಗಳ ಕೊಂಬೆಯಿಂದ ಜೋತುಬಿದ್ದು ಹೂಗೊಂಚಲನ್ನು ಇಳಿಬಿಡುವ ಸೀತಾಳೆ ದಂಡೆಯನ್ನು ಕಂಡವರಿಗೆ ಈ ಕುಲದ ಚೆಲುವು ಗೊತ್ತು. ಒಳಗಿನ ಸಂಗತಿ ಇನ್ನೂ ವಿಚಿತ್ರ. ಆರ್ಕಿಡಿನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು; ಅವು ಧೂಳಿನಷ್ಟು ಹಗುರ. ಭತ್ತ ಜೋಳಗಳಲ್ಲಿ ತಾಯಿಗಿಡವು ಕಟ್ಟಿಕೊಡುವ ಬುತ್ತಿ ಇವಕ್ಕೆ ಇಲ್ಲ. ಭ್ರೂಣವೂ ಎಲೆ ಬೇರುಗಳ ಗುರುತಿಲ್ಲದ ಕೋಶಗಳ ಒಂದು ಸಣ್ಣ ಉಂಡೆ. ನೆಲಕ್ಕೆ ಬಿದ್ದ ಮೇಲೆ ಶಿಲೀಂಧ್ರವೊಂದು ಬಂದು ಆಹಾರ ಒದಗಿಸಿದರೆ ಮಾತ್ರ ಅದಕ್ಕೆ ಬದುಕು. ಈ ಅನಾಥಶಿಶು ತಾಯಿಯ ಒಡಲಲ್ಲಿರುವಾಗ ಯಾವ ಯಾವ ಬಗೆಯ ತಂತುಗಳನ್ನು ಚಾಚಿ ಆಹಾರ ಹೀರುತ್ತದೆ, ಮೊದಲ ಕೋಶ ಹೇಗೆ ಸೀಳುತ್ತದೆ, ಎರಡನೆಯದು ಹೇಗೆ ಎಂಬುದನ್ನು ಜಾತಿಜಾತಿಗೂ ಬಿಡಿಸಿ ನೋಡಿ ಸ್ವಾಮಿಯವರು ವರ್ಗೀಕರಿಸಿದರು. ಮೈಸೂರು ವಿಶ್ವವಿದ್ಯಾಲಯವು 1947ರಲ್ಲಿ ಅವರಿಗೆ ಡಿ.ಎಸ್‌ಸಿ. ಪದವಿಯನ್ನಿತ್ತಿತು. ಆರ್ಕಿಡುಗಳ ಭ್ರೂಣಶಾಸ್ತ್ರವನ್ನು ಕುರಿತ ಅವರ ಎರಡು ಭಾಗಗಳ ದೀರ್ಘ ಪ್ರಬಂಧವು 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಆ ಕುಲವನ್ನು ಅಭ್ಯಸಿಸುವವರು ಅದನ್ನು ಬಹುಕಾಲ ಆಧಾರವಾಗಿ ಇಟ್ಟುಕೊಂಡರು.

ಅಷ್ಟರಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದ್ದರು. ಅಲ್ಲಿ ಅವರಿಗೆ ದೊರೆತವರು ಇರ್ವಿಂಗ್ ಬೇಲಿ ಎಂಬ ಹಿರಿಯ ವಿಜ್ಞಾನಿ. ಮರದ ಒಳಗಟ್ಟನ್ನು ಬಲ್ಲವರಲ್ಲಿ ಅಗ್ರಗಣ್ಯರು. ಬೇರು ಹೀರಿದ ನೀರು ಎಲೆಗೆ ಏರುವ ದಾರಿಯನ್ನು ಕುರಿತು ಬೇಲಿಯವರು ಬಹುಕಾಲದಿಂದ ಚಿಂತಿಸುತ್ತಿದ್ದರು. ಹೂಬಿಡುವ ಗಿಡಗಳಲ್ಲಿ ಹೆಚ್ಚಿನವಕ್ಕೆ ಕೋಶಗಳ ತುದಿಗಳು ತೂತಾಗಿ ಒಂದಕ್ಕೊಂದು ಕೂಡಿ ಆದ ಕೊಳವೆಗಳುಂಟು. ಪೈನ್ ಮೊದಲಾದ ಮರಗಳಲ್ಲಿ ಇಂಥ ಕೊಳವೆಗಳಿಲ್ಲ. ಮುಚ್ಚಿದ ಕೋಶದಿಂದ ಕೋಶಕ್ಕೆ ನೀರು ಜಿನುಗಿ ಹೋಗಬೇಕು. ಹೂಬಿಡುವ ಗಿಡಗಳಲ್ಲಿಯೂ ಕೊಳವೆಯಿಲ್ಲದ ಕೆಲವು ಇವೆ. ಅವು ಬಹು ಪುರಾತನ ವಂಶದ ಉಳಿಕೆಗಳಾಗಿರಬೇಕೆಂಬುದು ಬೇಲಿಯವರ ವಿಚಾರಸರಣಿ.

ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಗಿಡ ಇಂಥದೊಂದು. ಬೇಲಿ ಮತ್ತು ಸ್ವಾಮಿ ಇಬ್ಬರೂ ಸೇರಿ ಅದರ ಕಾಂಡ, ಎಲೆ, ಹೂಗಳ ಪದರಗಳನ್ನು ಪರೀಕ್ಷಿಸಿ, ಇದು ಕೊಳವೆಯಿಲ್ಲದ ಗಿಡಗಳಲ್ಲಿಯೇ ಒಂದು ಹೊಸ ಮಾದರಿಯೆಂದು 1948ರಲ್ಲಿ ಪ್ರಕಟಿಸಿದರು. 1950ರಲ್ಲಿ ಸಾರ್ಕಾಂಡ್ರ ಎಂಬ ಪೊದೆಗಿಡದ ಕುಲವೂ ಕೊಳವೆಯಿಲ್ಲದ್ದೆಂದು ಸಾರಿದರು. 1951ರಲ್ಲಿ ಬಂದ ಅವರ ಇನ್ನೊಂದು ಪ್ರಬಂಧವು ಹೂವಿನ ಅಂಡಾಶಯದ ಮೂಲಸ್ವರೂಪವನ್ನು ಚರ್ಚಿಸಿತು: ವೀಳ್ಯದೆಲೆಯನ್ನು ನಡುವಣ ನರದ ಗುಂಟ ಮಡಿಚಿದಂತೆ, ಎಲೆಯಂಥ ಒಂದು ಅಂಗವು ಉದ್ದಕ್ಕೆ ಮಡಿಚಿಕೊಂಡು, ಅಂಚುಗಳು ಇನ್ನೂ ಪೂರ್ತಿ ಬೆಸೆಯದಿದ್ದ ಸ್ಥಿತಿಯೇ ಆದಿಮವೆಂಬುದು ಅದರ ಸಾರ. ಮುಂದೆ ಹಲವಾರು ವರ್ಷ ಸಸ್ಯಶಾಸ್ತ್ರದ ಪಠ್ಯಗಳು ಈ ಚಿತ್ರವನ್ನು ಮುಂದಿಟ್ಟೇ ಹೂವಿನ ಉಗಮವನ್ನು ಬೋಧಿಸಿದವು.

ಸ್ವದೇಶಕ್ಕೆ ಮರಳಿದ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು; ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. 1953ರಲ್ಲಿ ದಕ್ಷಿಣ ಭಾರತದ ಒಂದು ಸಾರ್ಕಾಂಡ್ರ ಗಿಡವನ್ನು ಹೊಸ ಜಾತಿಯೆಂದು ವರ್ಣಿಸಿ ಅದಕ್ಕೆ ಬೇಲಿಯವರ ಹೆಸರನ್ನಿಟ್ಟರು. ಗುರುದಕ್ಷಿಣೆಯ ಪದ್ಧತಿ ಸಸ್ಯಶಾಸ್ತ್ರದಲ್ಲಿ ಹೀಗೆ. ಸೆರೆಯಾದ ಪದರಗಳನ್ನು ನೋಡುವುದರ ಜೊತೆಗೆ, ಜೀವಂತ ಗಿಡವನ್ನು ಅದರ ನೆಲದಲ್ಲಿಯೇ ನೋಡಬೇಕೆಂದು ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಸಂಚರಿಸಿದರು.

ಆ ಸಂಚಾರಗಳ ಫಲವೇ 1976ರಲ್ಲಿ ಹೊರಬಂದ ‘ಹಸುರು ಹೊನ್ನು’. ಮಳೆ, ಜಿಗಣೆ, ಹಸಿವು, ಹುಡುಗ ಹುಡುಗಿಯರ ಕೀಟಲೆ, ಅಧ್ಯಾಪಕರ ಪರದಾಟ ಇವುಗಳ ನಡುವೆ ಒಂದೊಂದೇ ಗಿಡವು ಬಂದು ತನ್ನ ಕಥೆಯನ್ನು ಹೇಳಿಕೊಂಡು ಹೋಗುವ ಈ ಗ್ರಂಥಕ್ಕೆ ಕನ್ನಡದಲ್ಲಿ ಮಾದರಿ ಇರಲಿಲ್ಲ. ಪುಟಪುಟದಲ್ಲಿ ಸ್ವಾಮಿಯವರೇ ಬರೆದ ರೇಖಾಚಿತ್ರಗಳಿವೆ. ಎಲೆಯ ಅಂಚು, ನರಗಳ ಹೆಣಿಗೆ, ಹೂವಿನ ಸೀಳುನೋಟ, ಕಾಯಿಯ ಬಿರಿತ ಯಾವುದರಲ್ಲಿಯೂ ಅಲಂಕಾರಕ್ಕೆಂದು ಎಳೆದ ಗೆರೆ ಕಾಣದು. ಗದ್ಯವೂ ಹಾಗೆಯೇ ಇದೆ. ವನಶ್ರೀಯನ್ನು ವರ್ಣಿಸಹೊರಟ ಎಷ್ಟೋ ಬರಹಗಾರರು ಎಲ್ಲ ಹಸುರನ್ನೂ ಒಂದೇ ಹಸುರೆಂದು ಕಂಡರು. ಸ್ವಾಮಿಯವರು ಇಂಥ ಮರ, ಇಂಥ ಎಲೆ ಎಂದು ಬೆರಳಿಟ್ಟು ತೋರಿಸಿದರು. ಪದರ ಕೊಯ್ದು ಗೆರೆ ಎಳೆದ ಅಭ್ಯಾಸವು ಅವರಿಗೆ ಮಾತಿನ ಮಿತವನ್ನೂ ಕಲಿಸಿತ್ತೆಂದು ಊಹಿಸಿದರೆ ತಪ್ಪಾಗಲಾರದು. 1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹನ್ನೊಂದು ವರ್ಷಗಳ ಹಿಂದೆ, 1967ರಲ್ಲಿ, ಅದೇ ಪ್ರಶಸ್ತಿ ತಂದೆಗೆ ಸಂದಿತ್ತು.

ಗಿಡದ ಶರೀರವನ್ನು ಬಲ್ಲವರು ಮನುಷ್ಯನ ಶರೀರವನ್ನು ಮರೆತರೆಂದು ತಿಳಿಯಬಾರದು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಹೆಸರೇ ಓದುಗರನ್ನು ನಗಿಸುತ್ತದೆ. ನಕ್ಕ ಮೇಲೆ ಯೋಚನೆಗೆ ಹಚ್ಚುತ್ತದೆ. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ ಇವೆಲ್ಲ ನಮ್ಮವೆಂದೇ ನಾವು ನಂಬಿದ್ದೇವೆ. ಕುಂದಗೋಳದ ಕಡೆಯ ಹೊಲಗಳಲ್ಲಿ ಕೆಂಪಗೆ ಹರಡಿ ಒಣಗುವ ಮೆಣಸಿನಕಾಯಿಯನ್ನು ನೋಡಿದವರು ಅದು ಸಾಗರ ದಾಟಿ ಬಂದು ಐನೂರು ವರ್ಷಗಳಷ್ಟೇ ಆಗಿವೆಯೆಂದರೆ ಒಪ್ಪುವುದು ಕಷ್ಟ. ‘ಸಾಕ್ಷಾತ್ಕಾರದ ದಾರಿಯಲ್ಲಿ’ ಎಂಬ ಕೃತಿ ಮನುಷ್ಯನಿಗೆ ಮತ್ತೇರಿಸುವ ಸಸ್ಯಗಳನ್ನು ಕುರಿತದ್ದು. ಗಿಡದ ಕೋಶದಲ್ಲಿ ಹುಟ್ಟಿದ ರಸವೊಂದು ಮನುಷ್ಯನ ಮಿದುಳಿಗೆ ಏರಿ ಅವನಿಗೆ ದೇವರನ್ನೋ ದೆವ್ವವನ್ನೋ ತೋರಿಸುವ ವಿಚಿತ್ರವು ಕಾಣದ ಲೋಕದ ಶೋಧಕನನ್ನು ಆಕರ್ಷಿಸಿದ್ದರಲ್ಲಿ ಅಚ್ಚರಿಯಿಲ್ಲ.

ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಒಪ್ಪಿಗೆ ಕೊಡುವ ಈ ಸ್ವಭಾವವು ಅವರಿಗೆ ವಿರೋಧವನ್ನೂ ತಂದುಕೊಟ್ಟಿತು. ಮದರಾಸಿನಲ್ಲಿದ್ದಾಗ ಅವರು ತಮಿಳು ಶಾಸನಗಳನ್ನು ಅಭ್ಯಸಿಸಿದರು. ಪ್ರಾಚೀನ ತಮಿಳು ಸಾಹಿತ್ಯದ ಕಾಲನಿರ್ಣಯ, ದೇವಾಲಯಗಳ ಇತಿಹಾಸ ಮುಂತಾದ ವಿಷಯಗಳಲ್ಲಿ ಎಲ್ಲರೂ ಒಪ್ಪಿಕೊಂಡಿದ್ದನ್ನು ಮರುಪರೀಕ್ಷೆಗೆ ಒಡ್ಡಿದರು. ಚಿದಂಬರವನ್ನೂ ನಟರಾಜನನ್ನೂ ಕುರಿತ ಅವರ ಇಂಗ್ಲಿಷ್ ಗ್ರಂಥ 1979ರಲ್ಲಿ ಪ್ರಕಟವಾಯಿತು. ತಮಿಳು ವಿದ್ವಾಂಸರಲ್ಲಿ ಅನೇಕರು ಅವರ ನಿರ್ಣಯಗಳನ್ನು ಒಪ್ಪಲಿಲ್ಲ. ಆ ವಾದಗಳ ಸರಿತಪ್ಪುಗಳನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಆದರೆ ಸಸ್ಯಶಾಸ್ತ್ರಜ್ಞನಿಗೆ ಶಾಸನದ ಗೊಡವೆ ಏಕೆಂದು ಕೇಳುವವರು, ಕಲ್ಲನ್ನೂ ಅವರು ಪದರದಂತೆಯೇ ಓದಿದರೆಂಬುದನ್ನು ನೆನೆಯಬೇಕು. ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಅವರ ಪುಸ್ತಕ ಈ ಎರಡು ಓದುಗಳೂ ಕೂಡಿದ ಸಂಗಮ.

1975ರಲ್ಲಿ ಡಿ. ವಿ. ಜಿ. ತೀರಿಕೊಂಡರು. ಸ್ವಾಮಿಯವರು ತಮ್ಮ ಕೊನೆಯ ವರ್ಷಗಳನ್ನು ಮೈಸೂರಿನಲ್ಲಿ ಕಳೆದರು. ಕಾಲೇಜಿನ ಬಾಳನ್ನು ಕುರಿತ ನಗೆಯ ಬರಹಗಳು ಒಂದರ ಮೇಲೊಂದು ಬಂದುವು. 1980ರಲ್ಲಿ, ಹೂವಿನಿಂದ ಹಣ್ಣಿನವರೆಗೆ ಎಂಬರ್ಥದ ಹೆಸರುಳ್ಳ, ಭ್ರೂಣಶಾಸ್ತ್ರದ ಇಂಗ್ಲಿಷ್ ಗ್ರಂಥವೊಂದನ್ನು ಕೃಷ್ಣಮೂರ್ತಿ ಎಂಬ ವಿಜ್ಞಾನಿಯೊಡನೆ ಪ್ರಕಟಿಸಿದರು. ಯೌವನದಲ್ಲಿ ಕೈಗೆತ್ತಿಕೊಂಡ ವಿಷಯಕ್ಕೆ ಕೊನೆಗೆ ಮರಳಿದಂತಾಯಿತು. ಅದೇ ವರ್ಷ ಅವರು ಕಾಲವಾದರು; ಅರುವತ್ತೆರಡರ ವಯಸ್ಸು ವಿದ್ವಾಂಸನಿಗೆ ಮುಪ್ಪಲ್ಲ.

ಅವರು ಹೋದ ಮೇಲೆ ಅವರ ವಿಜ್ಞಾನಕ್ಕೆ ಏನಾಯಿತೆಂಬುದನ್ನೂ ಹೇಳಲೇಬೇಕು. 1987ರಲ್ಲಿ ಅಮೆರಿಕದ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಸಾರ್ಕಾಂಡ್ರದ ಬೇರಿನ ಕಟ್ಟಿಗೆಯಲ್ಲಿ ಕೊಳವೆಗಳಿರುವುದನ್ನು ತೋರಿಸಿದರು. ಆ ಕುಲ ಕೊಳವೆಯಿಲ್ಲದ್ದೆಂಬ ಮಾತು ಬಿದ್ದುಹೋಯಿತು. ಮಡಿಚಿದ ಎಲೆಯ ಸಿದ್ಧಾಂತವನ್ನೂ ಅನಂತರದ ಸಂಶೋಧಕರು ಪ್ರಶ್ನಿಸಿದರು. ಅತ್ಯಂತ ಹಳೆಯ ವಂಶಗಳ ಹಲವು ಹೂಗಳಲ್ಲಿ ಅಂಡಾಶಯವು ಮಡಿಕೆಯಂತಿರದೆ ಹೂಜಿಯಂತೆ ಬೆಳೆಯುವುದೆಂದು ಕಂಡುಬಂದಿತು. ಅಂಬೊರೆಲ್ಲದ್ದೂ ಅಂಥದೇ. ಇತ್ತ 1999ರಲ್ಲಿ ಹಲವು ವಿಜ್ಞಾನಿಗಳ ತಂಡಗಳು ಡಿ.ಎನ್.ಎ. ಪರೀಕ್ಷೆಯಿಂದ, ಈಗ ಬದುಕಿರುವ ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕೂ ಮೊದಲು ಕವಲೊಡೆದ ಶಾಖೆ ಅಂಬೊರೆಲ್ಲದ್ದೇ ಎಂಬ ನಿರ್ಣಯಕ್ಕೆ ಬಂದುವು. ಆ ಸಣ್ಣ ಗಿಡವು ಉಳಿದವುಗಳಂತಲ್ಲ ಎಂದು ಪದರಗಳನ್ನು ನೋಡಿಯೇ ಇಬ್ಬರು ಹೇಳಿ ಅರ್ಧ ಶತಮಾನ ಕಳೆದಿತ್ತು.

ಹೀಗೆ ಒಂದೆಡೆ ಸೋಲು, ಒಂದೆಡೆ ಗೆಲವು. ಎರಡನ್ನೂ ಸಾಲಿನಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಿದ್ದುಹೋದದ್ದು ಕಾಣದ್ದನ್ನು ಕುರಿತು ಮಾಡಿದ ಅನುಮಾನ. ಕಾಂಡದಲ್ಲಿ ಕಂಡದ್ದು ಬೇರಿಗೂ ಸಲ್ಲುವುದೆಂಬ, ಕೆಲವು ಹೂಗಳಲ್ಲಿ ಕಂಡದ್ದು ಎಲ್ಲಕ್ಕೂ ಮೂಲವೆಂಬ ಅನುಮಾನ. ಕಂಡು ಬರೆದ ಚಿತ್ರಗಳ ಬೆಲೆ ಬೇರೆ. ಸ್ವಾಮಿಯವರ ಆರ್ಕಿಡುಗಳ ಭ್ರೂಣಚಿತ್ರಗಳನ್ನು ಇಂದಿನ ಸಂಶೋಧಕನೂ ಎದುರಿಗಿಟ್ಟುಕೊಂಡು ತನ್ನ ಪದರಗಳನ್ನು ಹೋಲಿಸಬಲ್ಲನು.

ನಮ್ಮ ಕಾಲೇಜುಗಳ ಜೀವಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣಿಕಿ ನೋಡಿ, ಪುಸ್ತಕದ ಚಿತ್ರವನ್ನೋ ಹಿಂದಿನ ವರ್ಷದವರ ವಹಿಯ ಚಿತ್ರವನ್ನೋ ನಕಲು ಮಾಡಿ ಅಂಕ ಪಡೆಯುವುದು ಹೊಸತಲ್ಲ. ಗಾಜಿನ ಕೆಳಗೆ ಕಂಡದ್ದು ಪುಸ್ತಕದಂತಿಲ್ಲದಿದ್ದರೆ, ಗಾಜಿನದೇ ತಪ್ಪೆಂದು ತಿಳಿಯುವ ರೂಢಿಯಾಗಿದೆ. ಅಂಥ ಹೊತ್ತಿನಲ್ಲಿ ಅಧ್ಯಾಪಕರು ಒಂದು ಭತ್ತದ ಹೂವನ್ನೋ ಸೀತಾಳೆಯ ಹೀಚುಕಾಯಿಯನ್ನೋ ಮೇಜಿನ ಮೇಲಿಟ್ಟು, ‘ಹಸುರು ಹೊನ್ನಿ’ನ ಒಂದು ಪುಟವನ್ನು ತೆರೆದು ತೋರಿಸಿದರೆ ಸಾಕು. ಕಂಡಷ್ಟನ್ನೇ ಬರೆಯುವುದು ಎಷ್ಟು ಕಷ್ಟವೆಂಬುದು ಪೆನ್ಸಿಲನ್ನು ಹಿಡಿದ ಹುಡುಗನಿಗೆ ತಾನಾಗಿ ತಿಳಿದೀತು.